ಬೆನ್ನು ತೋರಿಸದ ಬಡಾವಣೆ

ನಲ್ಲಿ ತಿರುಗಿಸಿದೆ. ನೀರು ಧೋ ಎಂದು ಸುರಿಯಿತು. ಸುರಿಯಬೇಕಾದ್ದೇ, ಇವತ್ತು ಭಾನುವಾರ.

“ಫೋರ್ಸ್ ನೋಡಿ ಮೇಡಂ,” ಎಂದ ಬಿಳಿಬೂಟು. ಮನೆ ತೋರಿಸುವ ಈ ಮನುಷ್ಯನ ಹೆಸರು ಅವನ ಅಂಗಿಯ ಮೇಲೆಯೇ ಬರೆದಿತ್ತು. ಆದರೆ ಎಲ್ಲೆಲ್ಲೂ ಧೂಳಿರುವ ಜಾಗದಲ್ಲಿ ಹಾಲಿನಂಥ ಬೂಟು ಹಾಕಿಕೊಂಡು ಓಡಾಡುವವನಿಗೆ ನಾನು ಬೇರೆ ಹೆಸರು ಇಡದೆ ಇರಲಾರೆ.

“ವಾರವೆಲ್ಲಾ ಹೀಗೇ ಬರುತ್ತಾ?” ತಂಗಿ ಕೇಳಿದಳು.

“ನೀರಿನ ವಿಷಯದಲ್ಲಿ ನಮ್ಮ ಕಂಪನಿ ರಾಜೀನೇ ಆಗಲ್ಲ ಮೇಡಂ.”

ಕೇಳಿದ್ದೇನು, ಹೇಳಿದ್ದೇನು. ತಂಗಿ ಅದನ್ನು ಗಮನಿಸಲೇ ಇಲ್ಲ. ಅವಳ ಕಣ್ಣು ಆಗಲೇ ಪಕ್ಕದ ಕೋಣೆಯ ಕಿಟಕಿಯ ಮೇಲಿತ್ತು. ಆ ಕಿಟಕಿಯ ಕೆಳಗೆ ಮಗಳ ಮಂಚ ಹಾಕುವುದು ಅವಳ ಮನಸ್ಸಿನಲ್ಲಿ ಆಗಿಹೋಗಿತ್ತು.

ಅವಳ ಮಗಳು ಪುಟ್ಟಿಗೆ ಉಬ್ಬಸ. ನಗರದಲ್ಲಿ ಅವರಿರುವ ಬಾಡಿಗೆ ಮನೆಯ ಗೋಡೆ ತೇವ ಕುಡಿದು ಕಪ್ಪಾಗಿದೆ. ಮಗು ನಿದ್ದೆಯ ನಡುವೆ ಎದ್ದು ಕೂತು ಉಸಿರಿಗೆ ಒದ್ದಾಡುತ್ತದೆ. ತಂಗಿ ಹೆರಿಗೆ ವಾರ್ಡಿನ ನರ್ಸು. ಊರವರ ಮಕ್ಕಳಿಗೆಲ್ಲ ಮೊದಲ ಉಸಿರು ಬರಿಸಿ ಮನೆಗೆ ಬಂದರೆ, ತನ್ನ ಮಗುವಿನ ಉಸಿರು ಕಾಯುವುದು ಇನ್ನೊಂದು ಪಾಳಿ. ಗಾಳಿಯಾಡುವ ಮನೆ, ಕೂಗಳತೆಯಲ್ಲಿ ಒಬ್ಬ ಡಾಕ್ಟರು, ಇಷ್ಟೇ ಅವಳಿಗೆ ಬೇಕಾದದ್ದು. ನಗರದೊಳಗೆ ಅಂಥದ್ದು ಕೊಳ್ಳಲು ಏಳು ಜನ್ಮ ದುಡಿಯಬೇಕು. ನಗರ ಮುಗಿದು ಇನ್ನೂ ಬಹಳ ದೂರ ಬಂದರೆ ಸಿಗುವ ಈ ಬಡಾವಣೆಯಲ್ಲಿ ಈಗ ಕೊಡುತ್ತಿರುವ ಬಾಡಿಗೆಯೇ ಕಂತಾಗುತ್ತದೆ. ಸಂಜೆಯೊಳಗೆ ಸಹಿ ಹಾಕದಿದ್ದರೆ ಮನೆ ಮತ್ತೊಬ್ಬರ ಪಾಲು ಎಂದು ಬಿಳಿಬೂಟು ಬೆಳಗಿನಿಂದ ರಾಗ ಎಳೆಯುತ್ತಿದ್ದ.

“ಅಕ್ಕ, ಊರವರ ಗುಟ್ಟೆಲ್ಲ ಪತ್ತೆ ಮಾಡ್ತೀಯ. ಈ ಮನೆ ನಮಗೆ ಆಗುತ್ತೋ ಇಲ್ವೋ, ಅದೊಂದು ಪತ್ತೆ ಮಾಡಿಕೊಡು. ನೀನು ಹೂಂ ಅಂದ್ರೆ ಸಹಿ, ಇಲ್ಲಾಂದ್ರೆ ಇಲ್ಲ,” ಎಂದಿದ್ದಳು. ದರ್ಜಿಯ ಅಂಗಡಿಯ ಮೇಲೆ ಪತ್ತೇದಾರಿ ಕಚೇರಿ ಇಟ್ಟು ನನ್ನ ತಲೆ ಅರ್ಧ ನರೆತಿದೆ. ಯಾವ ಕೇಸಿಗೂ ಇಷ್ಟು ಹೆದರಿದವಳಲ್ಲ ನಾನು.

ಹೆದರಿಕೆಗೆ ಕಾರಣ, ಹೋದ ವಾರ ತಂಗಿಗೆ ಫೋನು ಮಾಡಿ “ಭಾನುವಾರ ಬಿಟ್ಟು ಬೇರೆ ದಿನ ಬಂದು ನೋಡಿ ತಾಯಿ” ಎಂದಷ್ಟೇ ಹೇಳಿದ ನಿವೃತ್ತ ನಾಟಕದ ಮೇಷ್ಟ್ರು. ಆಮೇಲೆ ಅವರ ಸುಳಿವೇ ಇಲ್ಲ. ಆ ಫೋನ್ ನಂಬರಿನ ಜಾಡು ಹಿಡಿದು ಹೋದರೆ, ಅವರು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ನನಗೆ ಸಿಕ್ಕಿದ್ದು ಒಂದು ಫೋಟೊ ಮಾತ್ರ. ತೆಳ್ಳನೆಯ ಆಳು, ಕೈಯಲ್ಲಿ ಊರುಗೋಲು. ಅದರ ಹಿತ್ತಾಳೆ ಹಿಡಿಗೆ ಕೆಂಪು ದಾರ ಸುತ್ತಿತ್ತು. ಅವರ ಮಾತಿನಂತೆ ಬುಧವಾರ ಬಂದಾಗ ಗೇಟಿನವನು ನನ್ನನ್ನು ಒಳಗೇ ಬಿಟ್ಟಿರಲಿಲ್ಲ. ಕೊಂಡವರಿಗೆ ಮಾತ್ರ ಪ್ರವೇಶವಂತೆ. ಮದುವೆಗೆ ಮುಂಚೆ ಹುಡುಗನ ಮುಖ ತೋರಿಸುವುದಿಲ್ಲ ಅಂದ ಹಾಗಾಯಿತು.

“ಇಲ್ಲಿ ಸಾಮಾನು ಇಡೋಕೂ ಜಾಗ ಇದೆ ಅಕ್ಕ, ನೋಡಿ,” ಎಂದ ವ್ಯಾನ್ ಮಾಮ. ಅವನು ತಂಗಿಯ ಗಂಡ. ಶಾಲೆಯ ಮಕ್ಕಳನ್ನು ಸ್ವಂತ ವ್ಯಾನಿನಲ್ಲಿ ಕರೆದೊಯ್ಯುತ್ತಾನೆ. ಮಕ್ಕಳಿಟ್ಟ ಹೆಸರೇ ಎಲ್ಲರ ಬಾಯಲ್ಲೂ ನಿಂತುಬಿಟ್ಟಿದೆ. ವ್ಯಾನು ಸದ್ಯಕ್ಕೆ ಗ್ಯಾರೇಜಿನಲ್ಲಿರುವುದರಿಂದ ಕಂಪನಿಯ ಬಸ್ಸಿನಲ್ಲೇ ಬಂದಿದ್ದೆವು. ಅವನು ಕತ್ತಲ ಉಗ್ರಾಣದ ಬಾಗಿಲ ಹಿಂದೆ ಕೈ ಚಾಚಿ, ತಡಕಾಡದೆ ಸ್ವಿಚ್ಚು ಒತ್ತಿದ. ದೀಪ ಹತ್ತಿತು. ನನ್ನ ಮನಸ್ಸಿನಲ್ಲಿ ಏನೋ ಚುಚ್ಚಿದಂತಾಯಿತು, ಆದರೆ ಅಷ್ಟರಲ್ಲಿ ಬಿಳಿಬೂಟು ನಮ್ಮನ್ನು ಬೀದಿಗೆ ಎಳೆದುಕೊಂಡು ಹೋದ.

ಬೀದಿ ಚೆನ್ನಾಗಿತ್ತು. ಅದೇ ನನ್ನ ತಕರಾರು.

ಕಸದ ತೊಟ್ಟಿಗಳು ಹೊಳೆಯುತ್ತಿದ್ದವು. “ಎಷ್ಟು ಕ್ಲೀನ್ ನೋಡಿ,” ಎಂದು ಅವನು ಮುಚ್ಚಳ ತೆಗೆದು ತೋರಿಸಿದ. ಒಳಗೆ ಒಂದು ಈರುಳ್ಳಿ ಸಿಪ್ಪೆಯೂ ಇರಲಿಲ್ಲ. ಬಸ್ ನಿಲ್ದಾಣಕ್ಕೆ ಹೊಸ ಬಣ್ಣ, ಹೊಸ ಬೆಂಚು. ಬೆಂಚಿನ ಮುಂದೆ, ಜನ ಕಾಲಿಟ್ಟು ನಿಲ್ಲಬೇಕಾದ ಕಡೆ, ಹುಲ್ಲು ಮೊಣಕಾಲುದ್ದ ಬೆಳೆದಿತ್ತು.

“ಬಸ್ಸು ಬರುತ್ತಾ?” ಎಂದೆ.

“ಬಸ್ಸಿಗಂತಲೇ ನಿಲ್ದಾಣ ಕಟ್ಟಿರೋದು ಮೇಡಂ.”

ಇವನ ನಾಲಿಗೆಗೆ ಎಲುಬಿಲ್ಲ ಅನ್ನುವುದು ಹಳೇ ಮಾತು. ಇವನ ಮಾತಿಗೇ ಎಲುಬಿರಲಿಲ್ಲ.

ನನಗೆ ನಮ್ಮ ಜನರ ಮೇಲೂ ಸಿಟ್ಟು ಬಂತು. ಬದನೆಕಾಯಿ ಕೊಳ್ಳುವಾಗ ತಿರುಗಿಸಿ, ತೊಟ್ಟು ನೋಡಿ, ತೂತು ಹುಡುಕುವ ನಾವು, ಬದುಕಿನ ದುಡಿಮೆಯೆಲ್ಲ ಸುರಿದು ಮನೆ ಕೊಳ್ಳುವಾಗ ಭಾನುವಾರ ಬಂದು, ಕಿಟಕಿಯ ಗಾಳಿ ಕುಡಿದು, ತಲೆ ಅಲ್ಲಾಡಿಸಿ ಹೋಗುತ್ತೇವೆ. ಮನೆ ಕಟ್ಟಿ ನೋಡು ಅಂದರು ಹಿರಿಯರು. ಕಟ್ಟಿದ ಮನೆ ಕೊಂಡು ನೋಡು ಅನ್ನುವ ಗಾದೆ ಇನ್ನೂ ಹುಟ್ಟಬೇಕು.

ಬೀದಿಯಲ್ಲಿ ಜನ ಇದ್ದರು. ಒಂದು ಜಗಲಿಯ ಮೇಲೆ ಕೂತಿದ್ದ ಅಜ್ಜಿ ನಮ್ಮನ್ನು ಕಂಡದ್ದೇ ನಕ್ಕಳು.

“ಬನ್ನಿಮ್ಮಾ. ಇಲ್ಲಿನ ಗಾಳಿ ಅಂದ್ರೆ ಗಾಳಿ. ಬಂದಾಗಿನಿಂದ ನನಗೆ ಮಂಡಿನೋವು ಅನ್ನೋದೇ ಮರೆತುಹೋಗಿದೆ.”

ತಂಗಿಯ ಮುಖ ಅರಳಿತು. ನಾನು ಅಜ್ಜಿಯನ್ನು ಬಿಟ್ಟು ಪಾರ್ಕಿನತ್ತ ನೋಡಿದೆ. ಮೂವರು ಹೆಂಗಸರು ಮಾತಾಡುತ್ತಿದ್ದರು. ಒಬ್ಬಳು ಮುಗಿಸಿದ ಮೇಲೆ ಇನ್ನೊಬ್ಬಳು, ಅವಳು ಮುಗಿಸಿದ ಮೇಲೆ ಮತ್ತೊಬ್ಬಳು. ನಮ್ಮ ಬೀದಿಯಲ್ಲಿ ಮೂವರು ಸೇರಿದರೆ ನಾಲ್ಕು ಮಾತು ಒಟ್ಟಿಗೇ ನಡೆಯುತ್ತವೆ. ಇನ್ನೊಬ್ಬ ಸ್ಕೂಟರು ಒರೆಸುತ್ತಿದ್ದ, ಸ್ಕೂಟರಿನ ಆಚೆ ಬದಿಗೆ ನಿಂತು, ಮುಖ ನಮ್ಮತ್ತ ಮಾಡಿ. ಮರದಡಿ ಇಬ್ಬರು ಚೆಸ್ ಆಡುತ್ತಿದ್ದರು.

ಆ ಚೆಸ್ ಹಲಗೆಯ ಮುಂದೆ ನನ್ನ ಕಾಲು ನಿಂತುಬಿಟ್ಟಿತು. ಇಬ್ಬರೂ ಹಲಗೆಯ ಒಂದೇ ಬದಿಗೆ ಕೂತಿದ್ದರು.

ಎದುರುಬದುರು ಕೂತರೆ ಒಬ್ಬರ ಬೆನ್ನು ನಮಗೆ ಕಾಣಬೇಕು. ಅದಕ್ಕೇ ಕೂತಿಲ್ಲ. ಮತ್ತೆ ಇಡೀ ಬೀದಿಯನ್ನು ಕಣ್ಣಿನಲ್ಲೇ ಗುಡಿಸಿಕೊಂಡು ಬಂದೆ. ಒಬ್ಬರ ಬೆನ್ನೂ ಇಲ್ಲ. ಇಷ್ಟು ಜನರ ಬೀದಿಯಲ್ಲಿ ಒಂದೇ ಒಂದು ಬೆನ್ನಿಲ್ಲ.

ನೋಡುವವರಿಗೆ ಬೆನ್ನು ತೋರಿಸಬಾರದು. ನಾಟಕದ ಮೇಷ್ಟ್ರು ಮೊದಲ ದಿನ ಹೇಳಿಕೊಡುವ ಪಾಠವೇ ಇದು.

“ಕ್ಲಿನಿಕ್ ನೋಡೋಣ್ವಾ?” ಎಂದಳು ತಂಗಿ.

ಕ್ಲಿನಿಕ್ಕಿನಲ್ಲಿ ಬಿಳಿ ಕೋಟಿನ ಡಾಕ್ಟರು ಎದ್ದು ನಿಂತ. ತಂಗಿ ಮಗುವಿನ ವಿಷಯ ಹೇಳಿದಳು. ರಾತ್ರಿ ಹೊತ್ತು ಉಸಿರು ಕಟ್ಟಿದರೆ ಹಬೆ ಕೊಡುವ ಮೆಷಿನ್ ಇದೆಯಾ ಎಂದು ಕೇಳಿದಳು.

“ಎಲ್ಲಾ ಇದೆಯಮ್ಮ. ನಾನು ಇಲ್ಲೇ ಇರ್ತೀನಿ. ಬಾಗಿಲು ತಟ್ಟಿದ್ರೆ ಸಾಕು,” ಎಂದ. ಹೇಳುವಾಗ ಅವನ ಕಣ್ಣು ತಂಗಿಯ ಮುಖದ ಮೇಲಿರಲಿಲ್ಲ, ನೆಲದ ಮೇಲಿತ್ತು.

ತಂಗಿ ನಿಟ್ಟುಸಿರು ಬಿಟ್ಟಳು. ಎಷ್ಟೋ ತಿಂಗಳಿಂದ ಎದೆಯಲ್ಲಿ ಹಿಡಿದಿಟ್ಟುಕೊಂಡಿದ್ದ ಉಸಿರು ಅದು. ನಾನು ಮೂಗರಳಿಸಿದೆ. ಔಷಧಿಯ ವಾಸನೆಯೇ ಇರದ ಕ್ಲಿನಿಕ್. ಕೈ ತೊಳೆಯುವ ಬೇಸಿನ್ನಿನಲ್ಲಿ ನೀರು ಹೋಗುವ ತೂತಿಗೆ ಜೇಡ ಬಲೆ ಕಟ್ಟಿತ್ತು.

ರೋಗಿಗಳ ಮಂಚದ ಕೆಳಗಿನಿಂದ ಹಿತ್ತಾಳೆಯದೇನೋ ಮಿನುಗಿತು. ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಊರುಗೋಲಿನ ಹಿಡಿ. ಅದಕ್ಕೆ ಸುತ್ತಿದ ಕೆಂಪು ದಾರ.

ನಾನು ನೋಡಿದ್ದನ್ನು ವ್ಯಾನ್ ಮಾಮ ನೋಡಿದ.

“ಆಫೀಸಿಗೆ ಹೋಗೋಣ್ವಾ? ಪೇಪರ್ಸ್ ರೆಡಿ ಇದೆ,” ಎಂದ ಬಿಳಿಬೂಟು.

“ನೀವು ನಡೀರಿ, ನಾನು ಬಚ್ಚಲಿಗೆ ಹೋಗಿ ಬರ್ತೀನಿ,” ಎಂದೆ. ಬಚ್ಚಲಿಗೆ ಹೋಗುವ ಹೆಂಗಸಿನ ಹಿಂದೆ ಯಾವ ಬೂಟೂ ಬರುವುದಿಲ್ಲ. ತಂಗಿಯ ಕೈ ಹಿಡಿದು, “ನಾನು ಬರೋ ತನಕ ಪೆನ್ ಮುಟ್ಟಬೇಡ,” ಎಂದು ಹೇಳಿ, ಮನೆಗಳ ಸಂದಿಯಲ್ಲಿ ನುಗ್ಗಿ ಹಿತ್ತಿಲಿಗೆ ಹೋದೆ.

ಹೊರಗೆ ಥಳುಕು, ಒಳಗೆ ಹುಳುಕು ಅನ್ನುತ್ತಾರೆ. ಇಲ್ಲಿ ಹುಳುಕು ಹಿಂದಿತ್ತು. ಮುಂದೆ ಕೆನೆಬಣ್ಣ ಬಳಿದುಕೊಂಡಿದ್ದ ಮನೆಗಳಿಗೆ ಹಿಂದೆ ಗಾರೆಯೂ ಇಲ್ಲ, ಬರಿಯ ಇಟ್ಟಿಗೆ. ಹಿತ್ತಿಲು ಹಿತ್ತಿಲಲ್ಲೂ ನೀಲಿ ಡ್ರಮ್ಮುಗಳು. ಒಂದು ಟ್ಯಾಂಕರು ಪೈಪು ಚಾಚಿಕೊಂಡು ನಿಂತಿತ್ತು, ನಾವು ನೋಡಿದ ಮನೆಯ ಮಾಳಿಗೆಯ ತೊಟ್ಟಿಗೆ. ಉಳಿದ ಯಾವ ಮನೆಗೂ ಅದರ ಪೈಪು ಹೋಗಿರಲಿಲ್ಲ.

ಅಲ್ಲಿ ಕಂಡಿತು ನನಗೆ ಮೊದಲ ಬೆನ್ನು. ಜಗಲಿಯ ಅಜ್ಜಿ ಡ್ರಮ್ಮಿನೊಳಗೆ ಸೊಂಟದ ತನಕ ಬಗ್ಗಿ, ತಳದ ನೀರನ್ನು ಚೊಂಬಿನಲ್ಲಿ ಕೆರೆಯುತ್ತಿದ್ದಳು.

“ಅಜ್ಜಿ.”

ಗಾಬರಿಯಾಗಿ ತಿರುಗಿದಳು. ಮರುಕ್ಷಣವೇ ಮುಖಕ್ಕೆ ನಗು ತಂದುಕೊಂಡಳು. “ಬಾಮ್ಮಾ. ಇಲ್ಲಿನ ಗಾಳಿ ಅಂದ್ರೆ ಗಾಳಿ. ಬಂದಾಗಿನಿಂದ ನನಗೆ ಮಂಡಿನೋವು…”

“ಅನ್ನೋದೇ ಮರೆತುಹೋಗಿದೆ. ಜಗಲಿ ಮೇಲೇ ಹೇಳಿದ್ರಿ. ಯಾರು ಬಾಯಿಪಾಠ ಮಾಡಿಸಿದ್ದು?”

“ಏನು ಮಾತಮ್ಮಾ ಇದು. ನನ್ನ ಮಂಡಿ, ನನ್ನ ಮಾತು.”

“ಅಜ್ಜಿ, ಕೊಳ್ಳೋಕೆ ಬಂದಿರೋಳು ನನ್ನ ತಂಗಿ. ಅವಳ ಮಗೂಗೆ ಉಬ್ಬಸ. ನಿಮ್ಮ ಡಾಕ್ಟ್ರನ್ನ ನಂಬಿಕೊಂಡು ಇಲ್ಲಿಗೆ ಬರ್ತಿದಾಳೆ. ಒಂದು ರಾತ್ರಿ ಆ ಮಗೂಗೆ ಉಸಿರು ಸಿಗಲಿಲ್ಲ ಅಂದ್ರೆ ಯಾವ ಬಾಗಿಲು ತಟ್ಟಬೇಕು? ಅದೊಂದು ಹೇಳಿಬಿಡಿ, ನಾನು ಹೋಗ್ತೀನಿ.”

ಅಜ್ಜಿ ಚೊಂಬನ್ನು ಡ್ರಮ್ಮಿನ ಅಂಚಿನ ಮೇಲಿಟ್ಟಳು. ನಗು ತಾನಾಗಿಯೇ ಇಳಿದುಹೋಯಿತು.

“ಯಾವ ಬಾಗಿಲು ತಟ್ಟಿದ್ರೂ ಪ್ರಯೋಜನ ಇಲ್ಲ ಕಣಮ್ಮಾ. ಅವನು ಡಾಕ್ಟ್ರಲ್ಲ. ಕನ್ನಡಕದ ಅಂಗಡಿ ಇಟ್ಕೊಂಡಿದ್ದ. ಎದುರು ಮನೆ ಕೊಂಡು ನಮ್ಮ ಥರಾನೇ ಸಿಕ್ಕಿಹಾಕ್ಕೊಂಡ.”

ಅಡಿಯಿಂದ ಮುಡಿಯ ತನಕ ಉರಿದುಹೋಯಿತು ನನಗೆ. ನೀರು ಇಲ್ಲ, ಬಸ್ಸು ಇಲ್ಲ, ಹೋಗಲಿ. ಉಸಿರಿಗೆ ಒದ್ದಾಡುವ ಮಗುವಿನ ತಾಯಿಗೆ ಕೋಟು ಹಾಕಿಕೊಂಡು “ಬಾಗಿಲು ತಟ್ಟಿ” ಅಂದನಲ್ಲ, ಆ ಬಾಯಿಗೆ ಏನು ಹಾಕಬೇಕು?

“ಬೀದೀಲಿ ಇರೋರೆಲ್ಲ ಕೊಂಡವರೇನಾ? ದುಡ್ಡು ಕೊಟ್ಟು ಕರೆಸಿದ ನಟರು ಅಂದ್ಕೊಂಡಿದ್ದೆ.”

“ನಟರಿಗಾದ್ರೆ ದುಡ್ಡು ಕೊಡಬೇಕಲ್ಲಮ್ಮ. ನಮಗೆ ಆಸೆ ತೋರಿಸಿದ್ರೆ ಸಾಕು.”

“ಏನು ಆಸೆ?”

“ಒಂದು ಹೊಸ ಮನೆಯವರನ್ನ ಕರ್ಕೊಂಡು ಬನ್ನಿ, ನಿಮ್ಮ ಮನೆ ನಾವು ವಾಪಸ್ ತಗೊಂಡು ನಿಮ್ಮ ದುಡ್ಡು ಕೊಡ್ತೀವಿ ಅಂದ್ರು. ಭಾನುವಾರ ನಗ್ತಾ ಕೂತ್ಕೊಳ್ಳಿ, ಜನ ನೋಡಿ ಬರಲಿ ಅಂದ್ರು. ನಾವು ನಗ್ತಾನೇ ಇದೀವಿ. ಜನ ಬರ್ತಾನೇ ಇದಾರೆ. ವಾಪಸ್ ಮಾತ್ರ ಯಾರದೂ ಆಗಿಲ್ಲ.”

ಕಳ್ಳರನ್ನು ನಾನು ಬಹಳ ನೋಡಿದ್ದೇನೆ. ಕದಿಯುತ್ತಾರೆ, ಓಡುತ್ತಾರೆ, ಸಿಕ್ಕರೆ ಅಳುತ್ತಾರೆ. ಕಳೆದುಕೊಂಡವನ ಕೈಗೇ ಕನ್ನ ಕೊರೆಯುವ ಹಾರೆ ಕೊಟ್ಟು, ಹೋಗು, ಪಕ್ಕದ ಮನೆಯದು ತಂದರೆ ನಿನ್ನದು ಕೊಡುತ್ತೇನೆ ಅನ್ನುವ ಕಳ್ಳನನ್ನು ಇದೇ ಮೊದಲು ಕಂಡದ್ದು.

ಆದರೂ ಬಾಯಿ ಸುಮ್ಮನಿರಲಿಲ್ಲ. “ನಿಮಗಾದರೂ ಹೇಗೆ ಮನಸ್ಸು ಬಂತು ಅಜ್ಜಿ? ನೀವು ಬಿದ್ದ ಗುಂಡಿ ನಿಮಗೆ ಗೊತ್ತು. ಗೊತ್ತಿದ್ದೂ ಇನ್ನೊಬ್ಬರನ್ನ ಕರೀತೀರಲ್ಲ.”

“ಬೈಯಿ. ಬೈಸಿಕೊಳ್ಳೋ ಕೆಲಸಾನೇ ಮಾಡಿದೀನಿ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಅಂತಾರಲ್ಲ, ಆ ಕೋತಿ ನಾನೇ.” ಚೊಂಬನ್ನು ಮತ್ತೆ ಕೈಗೆತ್ತಿಕೊಂಡಳು. “ಹೊರಗಿನವರು ಯಾರೂ ನಮ್ಮ ಮಾತು ನಂಬಲ್ಲಮ್ಮ. ನಂಬೋರು ಮನೆಯವರು ಮಾತ್ರ. ಅದಕ್ಕೇ ಎಲ್ಲರೂ ಮನೆಯವರನ್ನೇ ತಂದಿರೋದು. ಯಾರನ್ನೇ ಕೇಳು. ನಾನು ತಂದದ್ದು ನನ್ನ ತಮ್ಮನ್ನ.”

“ಎಲ್ಲಿದಾರೆ ಅವರು?”

“ನಾಟಕದ ಮೇಷ್ಟ್ರು ಅವನು. ಬಂದ ಮೇಲೆ ಗೊತ್ತಾಯ್ತು ಅವನಿಗೆ. ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ. ಅಕ್ಕ ಈ ಕೊಂಪೆಯಿಂದ ಬಿಡುಗಡೆ ಆಗಲಿ ಅಂತ ಎಲ್ಲರಿಗೂ ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಅಂತ ಅವನೇ ಕಲಿಸಿದ. ಮೊನ್ನೆ ಮೊನ್ನೆ ಯಾಕೋ ತಿರುಗಿಬಿದ್ದ. ಇನ್ನು ನನ್ನ ಕೈಲಾಗಲ್ಲ ಅಕ್ಕ, ಬರೋರಿಗೆ ಫೋನ್ ಮಾಡಿ ಹೇಳಿಬಿಡ್ತೀನಿ ಅಂದ. ಆಮೇಲೆ ಕಾಣಲಿಲ್ಲ. ಮಗಳ ಮನೆಗೆ ಹೋದರು ಅಂದ್ರು ಆಫೀಸಿನವರು.”

ಹೇಳಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿದೆ. ಹೇಳಲೇಬೇಕಿತ್ತು.

“ಅವರ ಊರುಗೋಲು ಕ್ಲಿನಿಕ್ಕಲ್ಲಿದೆ ಅಜ್ಜಿ. ಮಂಚದ ಕೆಳಗೆ.”

ಅಜ್ಜಿ ಡ್ರಮ್ಮನ್ನು ಹಿಡಿದುಕೊಂಡಳು. “ಸುಳ್ಳು,” ಎಂದಳು. ಆಮೇಲೆ, ಬಹಳ ಮೆತ್ತಗೆ, “ಕೆಂಪು ದಾರ ಇದೆಯಾ?”

“ಇದೆ.”

“ಆ ದಾರ ನಾನೇ ಸುತ್ತಿದ್ದು. ಅವನ ಕೈ ಜಾರುತ್ತೆ ಅಂತ. ಕೋಲಿಲ್ಲದೆ ಅವನು ಬಚ್ಚಲಿಗೂ ಹೋಗಲ್ಲಮ್ಮಾ.”

ಅವಳ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದೆ. ಕೇಳದೆ ಹೋಗುವಂತಿರಲಿಲ್ಲ. “ಕೊನೆಗೆ ಅವರ ಜೊತೆ ಯಾರಿದ್ರು?”

“ಬೀದಿ ಕೊನೆ ಮನೆಯವನು. ಹೊಸಬ. ಇಬ್ಬರೂ ಜಗಳ ಆಡ್ತಿದ್ರು. ಮೇಷ್ಟ್ರೇ, ನೀವು ಫೋನ್ ಮಾಡಿದ್ರೆ ನನ್ನ ಸಂಸಾರ ಒಡೆದುಹೋಗುತ್ತೆ ಅಂತ ಅವನು ಅಳ್ತಿದ್ದ. ಒಳ್ಳೆ ಹುಡುಗ ಪಾಪ. ಹೆಂಡತಿಗೂ ಹೇಳದೆ ಕೊಂಡುಬಿಟ್ಟನಂತೆ, ಖುಷಿಪಡಿಸೋಣ ಅಂತ. ಇವತ್ತು ಅವನದೂ ಪಾಳಿ. ಯಾರನ್ನೋ ಕರ್ಕೊಂಡು ಬಂದಿದಾನಂತೆ.”

“ಹೇಗಿದ್ದಾನೆ ನೋಡೋಕೆ?”

“ನೋಡೋಕೆ ಏನು, ಎಲ್ಲರ ಹಾಗೆ. ಸ್ಕೂಲ್ ಮಕ್ಕಳ ವ್ಯಾನ್ ಇಟ್ಟಿದ್ದನಂತೆ. ಅದನ್ನ ಮಾರಿ ಮನೆ ಕೊಂಡಿದಾನೆ.”

ಅಜ್ಜಿಯ ತೋಳು ಬಿಟ್ಟೆ.

ಗ್ಯಾರೇಜಿನಲ್ಲಿದ್ದ ವ್ಯಾನು. ಕತ್ತಲಲ್ಲಿ ತಡಕದೆ ಸಿಕ್ಕ ಸ್ವಿಚ್ಚು. ಈ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು, ಒಂದರಲ್ಲಿ ಕೈ ಪಳಗಿದವನಿಗೆ ಎಲ್ಲದರಲ್ಲೂ ಸ್ವಿಚ್ಚು ಸಿಗುತ್ತದೆ. ತಾನು ಬಿದ್ದ ಬಾವಿಯಿಂದ ಮೇಲೆ ಬರಲು ಅವನು ಹೆಂಡತಿಯ ಭುಜದ ಮೇಲೆ ಕಾಲಿಡಲು ಹೊರಟಿದ್ದ. ಅವಳ ಸಂಬಳದ ಮೇಲೆ ಸಾಲ, ಅವಳ ಹೆಸರಿನಲ್ಲಿ ಸಹಿ.

ಓಡಿದೆ. ನನ್ನ ವಯಸ್ಸಿಗೆ ಓಡಬಾರದು, ಓಡಿದೆ. ಹಿಂದಿನಿಂದ ಅಜ್ಜಿ “ನನ್ನ ತಮ್ಮ, ನನ್ನ ತಮ್ಮನ್ನ ನೋಡಮ್ಮಾ” ಎನ್ನುತ್ತಿದ್ದಳು.

ದಾರಿಯಲ್ಲೇ ಕ್ಲಿನಿಕ್ಕಿನ ಬಾಗಿಲು ತೆರೆದಿತ್ತು. ಕುರ್ಚಿಯ ಮೇಲೆ ಬಿಳಿ ಕೋಟು ಬಿದ್ದಿತ್ತು, ಕೋಟಿನೊಳಗಿದ್ದವನು ಇರಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದೆ. ಕೋಲೂ ಇರಲಿಲ್ಲ.

ಆಫೀಸಿನಲ್ಲಿ ಮೇಜಿನ ಮೇಲೆ ಕಾಗದಗಳನ್ನು ಹರಡಿದ್ದರು. ತಂಗಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪೆನ್ನನ್ನು ಅವಳ ಕೈಗೆ ತುರುಕಿಯಾಗಿತ್ತು, ಆದರೆ ಅವಳು ನನ್ನ ಮಾತು ಮೀರಿರಲಿಲ್ಲ. ಬಿಳಿಬೂಟು ಅವಳ ಪಕ್ಕದಲ್ಲಿ ಹಲ್ಲು ತೋರಿಸುತ್ತಾ ನಿಂತಿದ್ದ. ವ್ಯಾನ್ ಮಾಮ ಗೋಡೆಗೆ ಒರಗಿ, ಎರಡೂ ಕೈ ಹಿಂದೆ ಕಟ್ಟಿಕೊಂಡು, ಮುಖ ನಮ್ಮತ್ತ ಮಾಡಿ ನಿಂತಿದ್ದ. ಮೇಷ್ಟ್ರ ಪಾಠ ಅವನಿಗೂ ಚೆನ್ನಾಗಿಯೇ ಬಂದಿತ್ತು.

“ಅಕ್ಕ, ಎಷ್ಟು ಹೊತ್ತು. ಇವರೂ ಎಲ್ಲಿಗೋ ಹೋಗಿ ಈಗಷ್ಟೇ ಬಂದ್ರು,” ಎಂದಳು ತಂಗಿ. ಕಿಟಕಿಯ ಗಾಳಿ ಇನ್ನೂ ಅವಳ ಕಣ್ಣಿನಲ್ಲಿತ್ತು. “ಹೇಳು. ಹಾಕಲಾ?”

“ಪೆನ್ ಕೆಳಗಿಡು.”

“ಮೇಡಂ, ಹೊರಗೆ ಇನ್ನೊಂದು ಪಾರ್ಟಿ ಕಾಯ್ತಾ ಇದೆ,” ಎಂದ ಬಿಳಿಬೂಟು.

“ಕಾಯಲಿ. ಅವರಿಗೂ ನಾನೇ ಹೇಳ್ತೀನಿ. ನೀನು ಆ ಹಲ್ಲು ಒಳಗೆ ಇಟ್ಕೊ.” ಆಮೇಲೆ ತಂಗಿಗೆ ಹೇಳಿದೆ, “ಈ ಬೀದಿಯ ಕೊನೆ ಮನೆ ಯಾರದು ಅಂತ ನಿನ್ನ ಗಂಡನ್ನ ಕೇಳು. ವ್ಯಾನು ಯಾವ ಗ್ಯಾರೇಜಲ್ಲಿದೆ ಅಂತಾನೂ ಕೇಳು.”

ತಂಗಿ ನಕ್ಕಳು, ಅರ್ಥವಾಗದೆ. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಗಂಡನ ಕಡೆ ತಿರುಗಿದಳು.

“ರೀ. ಯಾರದು?”

ಅವಳ ಕಣ್ಣನ್ನು ತಡೆಯಲಾರದೆ, ಅವನು ನಿಧಾನವಾಗಿ ಗೋಡೆಯ ಕಡೆ ಮುಖ ಮಾಡಿದ. ನೋಡುವವರಿಗೆ ಬೆನ್ನು ತಿರುಗಿಸಿದ.

ಆಗ ಕಂಡಿತು, ಇಷ್ಟು ಹೊತ್ತೂ ಅವನ ಕೈಗಳು ಬೆನ್ನ ಹಿಂದೆ ಏನನ್ನು ಬಚ್ಚಿಟ್ಟಿದ್ದವು ಎಂದು. ಹಿತ್ತಾಳೆ ಹಿಡಿ, ಕೆಂಪು ದಾರ. ಅದರ ಕೆಳಗೆ ಒಂದು ಗೇಣು ಕೋಲು. ಉಳಿದದ್ದು ಮುರಿದುಹೋಗಿತ್ತು.